ಪೋಸ್ಟ್‌ಕಾರ್ಡು, ಪೂರಿ, ಸ್ಟಾರ್ಟರ್ ಡಬ್ಬಿ

ಈ ಸಲದ ಮಾರ್ಚ್ ಎಂಟಕ್ಕೂ ಆಫೀಸಲ್ಲಿ ಒಂದು ಗುಲಾಬಿ ಕೊಟ್ಟರು. ಜತೆಗೆ ಒಂದು ಕಪ್‌ಕೇಕು. ಆಮೇಲೆ ಎಲ್ಲ ಹೆಂಗಸರನ್ನೂ ಒಂದು ರೂಮಲ್ಲಿ ಕೂರಿಸಿ ಸುಧಾ ಮೂರ್ತಿಯವರ ಪೋಸ್ಟ್‌ಕಾರ್ಡಿನ ಕಥೆ ಹೇಳಿದರು. ಕೆಲಸಕ್ಕೆ ಸೇರಿದಾಗಿಂದ ಆ ಕಥೆಯನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಸತ್ಯನಾರಾಯಣ ಪೂಜೆಯ ಕಥೆ ಇದ್ದಂಗೆ, ಗೊತ್ತಿದ್ದರೂ ಪ್ರಸಾದ ಸಿಗೋವರೆಗೂ ಕೂತು ಕೇಳಬೇಕು.

ಅದೇ ವಾರ ನಮ್ಮೂರ ಸ್ಕೂಲಿಂದ ಮೇಷ್ಟ್ರು ಫೋನ್ ಮಾಡಿದ್ದರು. ಶಾಲೆಯ ಸ್ಮರಣ ಸಂಚಿಕೆ ತರ್ತಿದ್ದಾರಂತೆ. 'ಹಳ್ಳಿಯಿಂದ ಹೋಗಿ ಸಾಫ್ಟ್‌ವೇರ್ ಎಂಜಿನಿಯರ್ ಆದ ಹೆಣ್ಣುಮಗಳು ನೀನು, ಹುಡುಗೀರಿಗೆ ಸ್ಫೂರ್ತಿ ಬರೋ ಹಂಗೆ ಎರಡು ಪುಟ ಬರ್ದು ಕಳಿಸಮ್ಮ' ಅಂದರು. ಹೊಸಹಳ್ಳಿ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿದರೆ ವೈಟ್‌ಫೀಲ್ಡ್ ಕಡೆಯ ನನ್ನ ಆಫೀಸಿಗೆ ಹತ್ತಿರ ಹತ್ತಿರ ಒಂದು ಗಂಟೆ. ಮೆಜೆಸ್ಟಿಕ್ ದಾಟಿದ ಮೇಲೆ ಪುಣ್ಯಕ್ಕೆ ಸೀಟೂ ಸಿಕ್ಕಿತು. ಮೊಬೈಲಲ್ಲೇ ಟೈಪ್ ಮಾಡಿ ಮುಗಿಸಿದೆ. ಸಂಜೆ ವಾಪಸ್ ಬರುವಾಗ ಓದಿದರೆ ನಾಚಿಕೆ ಆಯ್ತು. ಬಡತನ, ಸೀಮೆಎಣ್ಣೆ ದೀಪ, ಓದು ಬರದ ಅವ್ವ, ನಾಲ್ಕು ಮೈಲಿ ನಡಿಗೆ, ಕಾಲೇಜಲ್ಲಿ ಇಂಗ್ಲಿಷ್ ಬರದೆ ಅತ್ತಿದ್ದು, ಕ್ಯಾಂಪಸ್ ಇಂಟರ್‌ವ್ಯೂ, ಕೆಲಸ ಸಿಕ್ಕಿತು, ಮುಗೀತು. ಅಂದರೆ ನನ್ನ ಕಥೆ ನನ್ನ ಕೆಲಸ ಶುರುವಾಗೋ ದಿನಕ್ಕೇ ಮುಗಿದುಹೋಗಿತ್ತು! ಆಮೇಲಿನ ವರ್ಷಗಳಲ್ಲಿ ನಾನು ಏನು ಮಾಡಿದೆ, ಯಾವುದು ನನಗೆ ಖುಷಿ ಕೊಟ್ಟಿತು, ಒಂದು ಸಾಲೂ ಇರಲಿಲ್ಲ. ಪೋಸ್ಟ್‌ಕಾರ್ಡು ಒಂದು ಬಿಟ್ಟು ಉಳಿದದ್ದೆಲ್ಲ ಆ ಪೋಸ್ಟ್‌ಕಾರ್ಡ್ ಕಥೆಯದೇ ಅಚ್ಚು.

ಹಾಗಾಗಿ ಆ ಕಥೆಯನ್ನ ಒಂದು ಸಲ ಸರಿಯಾಗಿ ಓದೋಣ ಅಂತ ಕೂತೆ. ಹೇಳೋರು ಹೇಳಿದ್ದಲ್ಲ, ಅವರೇ ಬರೆದದ್ದು.

1974ನೇ ಇಸವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಹುಬ್ಬಳ್ಳಿ ಕಡೆಯ ಹುಡುಗಿ. ನೋಟಿಸ್ ಬೋರ್ಡಲ್ಲಿ ಟೆಲ್ಕೊ ಕಂಪನಿಯ ಜಾಹೀರಾತು, ಅದರ ಕೆಳಗೆ ಹೆಂಗಸರು ಅರ್ಜಿ ಹಾಕೋದು ಬೇಡ ಅನ್ನೋ ಸಾಲು. ಸಿಟ್ಟಿಗೆ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದರು. ಸ್ವಲ್ಪ ದಿನದಲ್ಲೇ ತಂತಿ ಬಂತು: ಪುಣೆಗೆ ಇಂಟರ್‌ವ್ಯೂಗೆ ಬನ್ನಿ, ಖರ್ಚು ನಮ್ಮದು. ಇಲ್ಲಿವರೆಗೆ ಎಲ್ಲರಿಗೂ ಗೊತ್ತು. ಆದರೆ ಆ ಬರಹದಲ್ಲಿ ಇದರ ನಂತರ ಒಂದು ಸಣ್ಣ ವಿಷಯ ಇದೆ. ವೇದಿಕೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಹಾಸ್ಟೆಲ್ ಗೆಳತಿಯರು, ಹೆಂಗೂ ಪುಕ್ಕಟೆ ಪುಣೆಗೆ ಹೋಗ್ತಿದ್ದೀಯಲ್ಲ, ಅಲ್ಲಿ ಸೀರೆ ಅಗ್ಗ, ತಗೊಂಡು ಬಾ ಅಂದರಂತೆ. ಇವರು ಸೀರೆ ಬೇಕಾದೋರ ಹತ್ತಿರ ತಲಾ ಮೂವತ್ತು ರೂಪಾಯಿ ವಸೂಲಿ ಮಾಡಿಕೊಂಡು ರೈಲು ಹತ್ತಿದರು.

ಇಡೀ ಬರಹದಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ಮೂವತ್ತು ರೂಪಾಯಿ. ದೇಶದ ದೊಡ್ಡ ಕಾರ್ಖಾನೆಯ ಬಾಗಿಲು ಒಡೆಯೋಕೆ ಹೊರಟ ಹುಡುಗಿಯ ಪರ್ಸಲ್ಲಿ ಸೀರೆ ಚೀಟಿ! ಹಾಸ್ಟೆಲ್ ಅಂದರೆ ಹೀಗೇ ಇರುತ್ತೆ. ಕೆಲಸಕ್ಕೆ ಹೋಗೋ ಹೆಂಗಸರ ಗುಂಪು ಅಂದರೂ ಹೀಗೇ. ಯಾರಾದರೂ ಧರ್ಮಾವರಂ ಕಡೆ ಹೋಗ್ತಾರೆ ಅಂದರೆ ನಮ್ಮ ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಈಗಲೂ ಇದೇ ಆಗೋದು, ಮೂವತ್ತರ ಮುಂದೆ ಎರಡು ಸೊನ್ನೆ ಸೇರಿದೆ ಅಷ್ಟೆ. ಆದರೆ ಸ್ಫೂರ್ತಿ ಕಥೆ ಹೇಳೋರಿಗೆ ಇದು ಬೇಡ. ವೀರವನಿತೆ ಕೈಯಲ್ಲಿ ಪೋಸ್ಟ್‌ಕಾರ್ಡ್ ಇರಬೇಕು, ಸೀರೆ ದುಡ್ಡು ಇರಬಾರದು.

ಮೂಲ ಬರಹದ ಮೇಲೂ ನನಗೊಂದು ತಕರಾರಿದೆ. ಕೆಲಸ ಸಿಕ್ಕಮೇಲೆ ಅದು ಸೀದಾ ಜೆ.ಆರ್.ಡಿ. ಅವರ ದೊಡ್ಡತನದ ಕಡೆ ತಿರುಗಿಕೊಳ್ಳುತ್ತೆ. ಅದಕ್ಕೇ ಬರೆದದ್ದು, ಸರಿ. ಆದರೆ ಆ ಶಾಪ್ ಫ್ಲೋರಿಗೆ ಹೋದ ಮೊದಲ ದಿನ ಎದುರಿಗಿದ್ದದ್ದು ಯಾವ ಮಷೀನು, ಯಾವ ಲೆಕ್ಕ ತಪ್ಪಿತು, ಸರಿಯಾದಾಗ ಹೇಗನ್ನಿಸಿತು ಅನ್ನೋದು ಅಲ್ಲಿ ಬರೋದಿಲ್ಲ. ಬಾಗಿಲವರೆಗೆ ಕೈ ಹಿಡಿದು ಕರ್ಕೊಂಡು ಹೋದೋರು ಒಳಗೆ ಏನಿದೆ ಅಂತ ತೋರಿಸದೆ ವಾಪಸ್ ಕರ್ಕೊಂಡು ಬಂದಂಗೆ.

ರಾಜೇಶ್ವರಿ ಚಟರ್ಜಿ ಅವರದ್ದೂ ಇದೇ ಪಾಡು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಕ್ವಿಜ್ ಪುಸ್ತಕದಲ್ಲಿ ಒಂದು ಸಾಲು ಸಿಗುತ್ತೆ. 1943ರಲ್ಲಿ ವಿಜ್ಞಾನ ಸಂಸ್ಥೆ ಸೇರಿದರು, ಹಡಗು ಹತ್ತಿ ಅಮೆರಿಕಕ್ಕೆ ಹೋದರು, ಮಿಶಿಗನ್ನಿನಲ್ಲಿ ಪಿಎಚ್‌ಡಿ ಮಾಡಿ ಬಂದು 1953ರಿಂದ ಇಲ್ಲೇ ಪಾಠ ಹೇಳಿದರು. ಜಾಸ್ತಿ ಅಂದರೆ ಇಷ್ಟು. ಅವರು ಮೂವತ್ತು ವರ್ಷ ತಲೆ ಕೆಡಿಸಿಕೊಂಡಿದ್ದು ಮೈಕ್ರೋವೇವು ಮತ್ತು ಆಂಟೆನಾಗಳ ಬಗ್ಗೆ. ರೇಡಾರಿಗೂ ವಿಮಾನಕ್ಕೂ ಬೇಕಾದ ವಿದ್ಯೆ ಅದು. ಹಡಗಿನ ಬಗ್ಗೆ ಇರೋ ಕುತೂಹಲ ಆಂಟೆನಾ ಬಗ್ಗೆ ಯಾರಿಗೂ ಇಲ್ಲ.

ಕೆಲಸವನ್ನೂ ಕಥೆ ಮಾಡೋಕಾಗಲ್ಲ ಅಂತೇನಿಲ್ಲ. ಮೇರಿ ಕ್ಯೂರಿ ಕಥೆ ನೋಡಿ. ಸೋರೋ ಶೆಡ್ಡಲ್ಲಿ ನಿಂತು, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಲ್ಲಿ ಅದಿರನ್ನ ಕುದಿಸಿ ತಿರುವಿದ್ದು, ರಾತ್ರಿ ಗಂಡ ಹೆಂಡತಿ ಇಬ್ಬರೂ ವಾಪಸ್ ಹೋಗಿ ಕತ್ತಲಲ್ಲಿ ಮಿಣಕೋ ಗಾಜಿನ ಕೊಳವೆಗಳನ್ನ ನೋಡ್ತಾ ಕೂತಿದ್ದು. ಕಥೆಯ ಜೀವ ಇರೋದೇ ಅಲ್ಲಿ. ಕನ್ನಡದಲ್ಲಿ ಅವರ ಜೀವನ ಬರೆದ ನೇಮಿಚಂದ್ರ ಅವರೇ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು ಅನ್ನೋದು ನನಗೆ ಯಾಕೋ ತುಂಬಾ ಸಮಾಧಾನದ ವಿಷಯ.

ಈಗ ಇನ್ನೊಂದು ಕಥೆ, ಅಲ್ಲಲ್ಲ, ಒಂದು ಫೋಟೊ. 2014ರ ಸೆಪ್ಟೆಂಬರ್ 24. ಮಂಗಳಯಾನ ಮಂಗಳನ ಕಕ್ಷೆ ಸೇರಿದ ದಿನ. ರೇಷ್ಮೆ ಸೀರೆ ಉಟ್ಟು, ಹೂ ಮುಡಿದ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಗ್ತಿರೋ ಫೋಟೊ ಇಡೀ ಪ್ರಪಂಚ ಸುತ್ತಿತು. ಬೆಂಗಳೂರಲ್ಲೇ ತೆಗೆದದ್ದು. ವಿಜ್ಞಾನಿ ಅಂದರೆ ಬಿಳಿ ಕೋಟು ಹಾಕಿದ ಗಂಡಸು ಅಂದುಕೊಂಡಿದ್ದ ಪಾಶ್ಚಾತ್ಯರೆಲ್ಲ ಬೆರಗಾದರು. ನಾನೂ ಆ ಫೋಟೊ ಡಿಪಿ ಹಾಕಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಇಸ್ರೊ ಹೇಳಿತು, ಫೋಟೊದಲ್ಲಿ ಇರೋರು ಆಡಳಿತ ವಿಭಾಗದ ಸಿಬ್ಬಂದಿ ಅಂತ. ಕೆಲವರು 'ಅಯ್ಯೋ, ಅಷ್ಟೇನಾ' ಅಂದರು.

ಈ 'ಅಷ್ಟೇನಾ' ನನ್ನನ್ನ ಚುಚ್ಚುತ್ತೆ. ಸಂಬಳ, ಬಿಲ್ಲು, ಕಡತ, ಖರೀದಿ ನೋಡಿಕೊಳ್ಳೋರಿಲ್ಲದೆ ಯಾವ ರಾಕೆಟ್ಟೂ ಹಾರಲ್ಲ. ಅವರು ನಕ್ಕಿದ್ದರಲ್ಲಿ ಏನು ತಪ್ಪು? ಅವರ ನಗುವಿಗೆ ವಿಜ್ಞಾನಿ ಅನ್ನೋ ಹಣೆಪಟ್ಟಿ ಅಂಟಿಸಿದ್ದು ನಾವು. ಇತ್ತ ಕಂಟ್ರೋಲ್ ರೂಮಲ್ಲಿ ನಿಜಕ್ಕೂ ಕೂತಿದ್ದ ನಂದಿನಿ ಹರಿನಾಥ್, ರಿತು ಕರಿಧಾಲ್ ಅವರ ಹೆಸರು ಎಲ್ಲರ ಬಾಯಿಗೆ ಬರೋಕೆ ಇನ್ನೂ ಒಂದೆರಡು ವರ್ಷ ಹಿಡೀತು. ಸೀರೆ ಮತ್ತು ಹೂವು ಕಂಡದ್ದೇ ಸಾಕು ನಮಗೆ, ಯಾರು ಏನು ಕೆಲಸ ಮಾಡ್ತಾರೆ ಅಂತ ಕೇಳಲೇ ಇಲ್ಲ.

ಕೇಳಿದ್ದರೆ ಎಂಥಾ ಕಥೆ ಇತ್ತು ಗೊತ್ತಾ? ಮಂಗಳನ ಹತ್ತಿರ ಹೋದಾಗ ಇಲ್ಲಿಂದ ಕಳಿಸಿದ ಸಂದೇಶ ಅಲ್ಲಿ ಮುಟ್ಟೋಕೆ ಸುಮಾರು 12 ನಿಮಿಷ. ಏನೋ ಎಡವಟ್ಟಾಯ್ತು ಅಂತ ನಮಗೆ ಗೊತ್ತಾಗೋಕೆ 12 ನಿಮಿಷ, 'ಹಿಂಗ್ ಮಾಡು' ಅಂತ ಹೇಳೋಕೆ ಇನ್ನೊಂದು 12 ನಿಮಿಷ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಅದಕ್ಕೆ ಆ ನೌಕೆ ತನ್ನ ತಪ್ಪು ತಾನೇ ಕಂಡುಹಿಡಿದು, ತಾನೇ ಸರಿಪಡಿಸಿಕೊಳ್ಳಬೇಕು. ಅಂಥ ಬುದ್ಧಿಯನ್ನ ಅದರೊಳಗೆ ತುಂಬಿಸಿದ ಕೆಲಸದಲ್ಲಿ ರಿತು ಕರಿಧಾಲ್ ಇದ್ದರು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಫೋನ್ ಬರೋ ನನ್ನಂಥೋಳಿಗೆ ಇದಕ್ಕಿಂತ ದೊಡ್ಡ ರೋಮಾಂಚನ ಇಲ್ಲ. ನನ್ನ ಸರ್ವರ್ ಬಿದ್ದರೆ ಎರಡು ನಿಮಿಷದಲ್ಲಿ ಲಾಗಿನ್ ಆಗ್ತೀನಿ, ಆದರೂ ಕೈ ನಡುಗುತ್ತೆ!

ಈ ಕಥೆಯನ್ನ ಸಿನಿಮಾದೋರು ಹೇಗೆ ಹೇಳಿದರು ನೋಡಿ. 'ಮಿಷನ್ ಮಂಗಲ್' 2019ರ ಆಗಸ್ಟ್ 15ಕ್ಕೆ ಬಂತು. ಪೋಸ್ಟರಲ್ಲಿ ಅಕ್ಷಯ್ ಕುಮಾರ್ ಮುಖ ದೊಡ್ಡದು, ಐದು ಜನ ಹೆಂಗಸರ ಮುಖ ಚಿಕ್ಕದು. ಅದಕ್ಕೆ ಆಗಲೇ ಎಲ್ಲರೂ ಬೈದಾಯ್ತು, ನಾನು ಮತ್ತೆ ಬೈಯಲ್ಲ. ನನ್ನ ಮಾತು ಪೂರಿ ಬಗ್ಗೆ. ವಿದ್ಯಾ ಬಾಲನ್ ಪಾತ್ರ ಪೂರಿ ಕರಿಯೋದನ್ನ ತೋರಿಸಿ ಇಂಧನ ಉಳಿಸೋ ಉಪಾಯ ಹೇಳುತ್ತೆ: ಎಣ್ಣೆ ಕಾದಮೇಲೆ ಗ್ಯಾಸ್ ಆರಿಸಿದರೂ ಆ ಬಿಸಿಗೇ ಇನ್ನೊಂದಿಷ್ಟು ಪೂರಿ ಕರೀಬಹುದು.

ಥಿಯೇಟರಲ್ಲಿ ನನಗೆ ಖುಷಿಯೇ ಆಯ್ತು. ಅಡುಗೆಮನೆ ತಿಳಿವಳಿಕೆಯೂ ತಿಳಿವಳಿಕೆಯೇ. ಗ್ಯಾಸ್ ಮುಗಿಯೋ ದಿನ ನಮ್ಮನೆಯಲ್ಲೂ ಹಿಂಗೇ ಮಾಡೋದು. ಆದರೆ ಮನೆಗೆ ಬಂದು ಯೋಚಿಸಿದರೆ ಪೂರಿ ಅರ್ಧಕ್ಕೇ ಮೆತ್ತಗಾಯ್ತು. ಯಾಕಂದರೆ ಈ ಪೂರಿ, ಇಂಧನ ಉಳಿಸಬೇಕು ಅನ್ನೋದನ್ನ ಹೇಳುತ್ತೇ ಹೊರತು ಹೇಗೆ ಉಳಿಸಿದರು ಅನ್ನೋದನ್ನ ಹೇಳಲ್ಲ. ನಿಜಕ್ಕೂ ಆಗಿದ್ದು ಇದು. ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿಗೆ ನೌಕೆಯನ್ನ ಸೀದಾ ಮಂಗಳನ ಕಡೆ ಎಸೆಯೋ ಶಕ್ತಿ ಇರಲಿಲ್ಲ. ಅದಕ್ಕೆ 2013ರ ನವೆಂಬರ್ 5ಕ್ಕೆ ಹಾರಿಸಿ, ಮೊದಲು ಭೂಮಿಯ ಸುತ್ತಲೇ ತಿರುಗಿಸಿದರು. ಭೂಮಿಗೆ ತೀರಾ ಹತ್ತಿರ ಬಂದಾಗ ಎಂಜಿನ್ ಉರಿಸೋದು. ಪ್ರತಿ ಸಲವೂ ಆಚೆ ತುದಿ ಇನ್ನಷ್ಟು ದೂರ ಹೋಗೋದು. ಇದು ಉಯ್ಯಾಲೆ! ಉಯ್ಯಾಲೆಯಲ್ಲಿ ಕೂತೋಳನ್ನ ಕಂಡಕಂಡಲ್ಲಿ ತಳ್ಳಿದರೆ ಬರೀ ಸುಸ್ತು. ಕೆಳಗೆ ರಭಸವಾಗಿ ಬಂದಾಗಲೇ ಒಂದು ತಳ್ಳು ತಳ್ಳಿದರೆ, ಅದೇ ಶಕ್ತಿಗೆ ಎತ್ತರ ಜಾಸ್ತಿ. ನಮ್ಮೂರ ಹುಣಸೆಮರಕ್ಕೆ ಹಗ್ಗ ಕಟ್ಟಿ ಜೀಕಿದ ಯಾವ ಹುಡುಗಿಗೆ ಇದು ಅರ್ಥ ಆಗಲ್ಲ ಹೇಳಿ.

ಇನ್ನೂ ಮಜಾ ಅಂದರೆ ನಾಲ್ಕನೇ ತಳ್ಳು ಕೈಕೊಟ್ಟಿತು. ನವೆಂಬರ್ 11ಕ್ಕೆ ಸುಮಾರು ಒಂದು ಲಕ್ಷ ಕಿಲೋಮೀಟರ್ ದೂರಕ್ಕೆ ಹೋಗಬೇಕಾದ್ದು 78 ಸಾವಿರ ಚಿಲ್ಲರೆಗೇ ನಿಂತಿತು. ಮಾರನೇ ದಿನ ಇನ್ನೊಂದು ಸಲ ಎಂಜಿನ್ ಉರಿಸಿ ಸರಿ ಮಾಡಿದರು. ಡಿಸೆಂಬರ್ 1ಕ್ಕೆ ಭೂಮಿ ಬಿಟ್ಟು ಹೊರಟಿತು. ಆಮೇಲೆ ಸುಮಾರು 300 ದಿನ ಸುಮ್ಮನೆ ಮಲಗಿದ್ದ ದೊಡ್ಡ ಎಂಜಿನ್ ಏಳುತ್ತೋ ಇಲ್ಲವೋ ಅಂತ ನೋಡೋಕೆ, ಕಕ್ಷೆ ಸೇರೋ ಎರಡು ದಿನ ಮೊದಲು, ಬರೀ ನಾಲ್ಕು ಸೆಕೆಂಡು ಉರಿಸಿ ಪರೀಕ್ಷೆ ಮಾಡಿದರು. ಹತ್ತು ತಿಂಗಳು ಮೂಲೆಯಲ್ಲಿ ನಿಂತಿದ್ದ ಸ್ಕೂಟಿಯನ್ನ ಊರಿಗೆ ಹೊರಡೋ ಮುಂಚೆ ಒಂದು ಕಿಕ್ ಹೊಡೆದು ನೋಡ್ತೀವಲ್ಲ, ಹಂಗೆ. ಇದೆಲ್ಲ ಇರುವಾಗ ಪೂರಿ ಯಾಕೆ ಬೇಕಿತ್ತು? ಹೆಂಗಸು ಅಂದಕೂಡಲೇ ಒಲೆ ನೆನಪಾಗುತ್ತೆ, ಉಯ್ಯಾಲೆ ನೆನಪಾಗಲ್ಲ. ಉಯ್ಯಾಲೆ ಆಟ, ಆಟ ಅಂದರೆ ಖುಷಿ. ಕೆಲಸದಲ್ಲಿ ಹೆಂಗಸಿಗೆ ಖುಷಿ ಸಿಗುತ್ತೆ ಅನ್ನೋದನ್ನ ಒಪ್ಪಿಕೊಳ್ಳೋಕೆ ನಮ್ಮ ಕಥೆಗಳಿಗೆ ಇನ್ನೂ ಕಷ್ಟ. ಹೋರಾಡಲಿ, ಸಹಿಸಲಿ, ಮನೆ ಆಫೀಸು ಎರಡೂ ತೂಗಿಸಲಿ. ಆಟ ಮಾತ್ರ ಬೇಡ.

ಮೆಟ್ರೋದ ಮೊದಲ ಬೋಗಿ ಹೆಂಗಸರದು. ಅಲ್ಲಿ ಒಂದು ವಾರ ಕಿವಿ ತೆರೆದುಕೊಂಡು ನಿಂತರೆ ಈ ಆಟ ಕೇಳಿಸುತ್ತೆ. ಅತ್ತಿಗುಪ್ಪೆಯಲ್ಲಿ ಹತ್ತೋ ಒಬ್ಬಳು ಟೆಸ್ಟರ್. ಎರಡು ದಿನ ಯಾರಿಗೂ ಸಿಗದ ಬಗ್ ತನಗೆ ಸಿಕ್ಕಿದ್ದನ್ನ, ಕಳೆದುಹೋದ ಓಲೆ ಹಾಸಿಗೆ ಕೆಳಗೆ ಸಿಕ್ಕಿದ ಖುಷಿಯಲ್ಲಿ ಹೇಳಿದಳು. ಪೇಮೆಂಟ್ ಪೇಜಲ್ಲಿ ಹೆಸರು ಕನ್ನಡದಲ್ಲಿ ಬರೆದರೆ ಒತ್ತಕ್ಷರ ಕಿತ್ತುಕೊಂಡು ಪಕ್ಕಕ್ಕೆ ಬೀಳ್ತಿತ್ತಂತೆ. ಡೆವಲಪರ್ ಹುಡುಗ 'ಯಾರು ಕನ್ನಡದಲ್ಲಿ ಬರೀತಾರೆ ಬಿಡಿ' ಅಂದನಂತೆ. ಅದಕ್ಕೆ ಇವಳು ಅವನ ಹೆಸರನ್ನೇ ಹಾಕಿ, ಒತ್ತು ಬಿದ್ದು ಅವನ ಹೆಸರು ಕೆಟ್ಟ ಮಾತಾದ ಸ್ಕ್ರೀನ್‌ಶಾಟ್ ಕಳಿಸಿದಳು. ಸಂಜೆಯೊಳಗೆ ಸರಿಹೋಯ್ತು.

ಗೊಣಗಾಟಕ್ಕೂ ಬರವಿಲ್ಲ. ಎಸಿ ಚಳಿ, ಹೆಂಗಸರೇ ಎಂಟು ಜನ ಇರೋ ಮೀಟಿಂಗಲ್ಲೂ 'ಹಾಯ್ ಗೈಸ್', ಒಂದು ಕೈಯಲ್ಲಿ ಹಿಡಿಯೋಕಾಗದಷ್ಟು ಅಗಲದ ಫೋನು. ಆ ಫೋನ್ ಇಡೋಕೆ ಜೇಬು ಇಲ್ಲದ ಚೂಡಿದಾರ ಎಲ್ಲಕ್ಕಿಂತ ದೊಡ್ಡ ದೂರು. ನಮ್ಮಜ್ಜಿ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇತ್ತು, ಸುಣ್ಣದ ಡಬ್ಬಿಯಿಂದ ಹಿಡಿದು ಸಂಘದ ದುಡ್ಡಿನವರೆಗೆ ಎಲ್ಲ ಅದರಲ್ಲೇ. ಎರಡು ತಲೆಮಾರು ದಾಟಿ ಎಂಜಿನಿಯರ್ ಆದ ನನಗೆ ಒಂದು ಜೇಬಿಲ್ಲ. ಹೊಸಹಳ್ಳಿಯಲ್ಲಿ ನಮ್ಮ ಬೀದಿ ತುದಿಯ ಟೈಲರ್ ಅಕ್ಕ ಈಗ ಅಳತೆ ತಗೊಳ್ಳುವಾಗ ಎದೆ, ಸೊಂಟ, ತೋಳು ಆದಮೇಲೆ 'ಫೋನ್ ಕೊಡಿ' ಅಂತಾರೆ. ಟೇಪ್ ಹಿಡಿದು ಫೋನಿನ ಉದ್ದಗಲ ಬರೆದುಕೊಳ್ತಾರೆ. ಜೇಬಿನ ತಳಕ್ಕೆ ಎರಡು ಸಲ ಹೊಲಿಗೆ, ಭಾರಕ್ಕೆ ಜೋಲಬಾರದು ಅಂತ. ನಮ್ಮ ಕಂಪನಿಯಲ್ಲಿ ಬಳಸೋರನ್ನ ಕೇಳಿ ವಿನ್ಯಾಸ ಮಾಡಿ ಅಂತ ಎರಡು ದಿನ ಟ್ರೈನಿಂಗ್ ಕೊಟ್ಟಿದ್ದರು. ಈ ಅಕ್ಕನ್ನ ಕರೆಸಿದ್ದರೆ ಅರ್ಧ ಗಂಟೆಯಲ್ಲಿ ಮುಗೀತಿತ್ತು.

ಈ ಮಾತನ್ನೆಲ್ಲ ಜೊತೆಗೆ ಪ್ರಯಾಣ ಮಾಡೋ ಒಬ್ಬರು ಅಕ್ಕನಿಗೆ ಹೇಳಿದೆ. ನನಗಿಂತ ಹತ್ತು ವರ್ಷ ದೊಡ್ಡೋರು, ಡೇಟಾಬೇಸ್ ನೋಡಿಕೊಳ್ತಾರೆ. ಅವರು ಒಪ್ಪಲಿಲ್ಲ. 'ನಿಂಗೆ ಬಾಗಿಲು ತೆಗೆದಿತ್ತು, ಅದಕ್ಕೆ ಒಳಗಿನ ಖುಷಿ ಮಾತಾಡ್ತೀಯ. ಬಾಗಿಲೇ ತೆಗೀದೆ ಇರೋ ಹುಡುಗೀರು ಇನ್ನೂ ಇದ್ದಾರೆ ಕಣೇ' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದರೆ ಪಿಯುಸಿ ಆದಮೇಲೆ ನನ್ನನ್ನ ಬಿಇಗೆ ಕಳಿಸಬೇಕೋ ಬೇಡವೋ ಅಂತ ಅಪ್ಪ ಅನುಮಾನಿಸ್ತಿದ್ದಾಗ, ಅವರ ಮನಸ್ಸು ತಿರುಗಿಸಿದ್ದು ಇದೇ ಪೋಸ್ಟ್‌ಕಾರ್ಡ್ ಕಥೆ. ಪೇಪರಲ್ಲಿ ಬಂದಿದ್ದನ್ನ ಕತ್ತರಿಸಿ ಜೇಬಲ್ಲಿ ಇಟ್ಟುಕೊಂಡಿದ್ದರು. ಅವರ ಅಂಗಿಗೆ ಜೇಬು ಇತ್ತಲ್ಲ! ಆ ಕಥೆಗೆ ನನ್ನ ಋಣ ಇದೆ. ಆದರೆ ಅದನ್ನ ಬಿಇ ಮುಗಿಸಿ ಹತ್ತು ವರ್ಷದ ಮೇಲಾದ ನಮ್ಮನ್ನ ಕೂರಿಸಿಕೊಂಡು ಯಾಕೆ ಹೇಳ್ತಾರೆ? ಬಡ್ತಿಯಲ್ಲಿ ಗಂಡಸರು ಮುಂದೆ ಹೋಗಿದ್ದನ್ನ, ಹೆರಿಗೆ ರಜೆ ಮುಗಿಸಿ ಬಂದೋಳ ಪ್ರಾಜೆಕ್ಟ್ ಬೇರೆಯವರ ಕೈ ಸೇರಿದ್ದನ್ನ ಮಾತಾಡಬೇಕಾದ ದಿನ, ಐವತ್ತು ವರ್ಷದ ಹಿಂದೆ ಇನ್ಯಾವುದೋ ಕಂಪನಿಯ ಬಾಗಿಲು ತೆಗೆದದ್ದಕ್ಕೆ ಚಪ್ಪಾಳೆ ತಟ್ಟಿಸಿಕೊಳ್ಳೋದು ಆಫೀಸಿಗೆ ಸಲೀಸು. ಅಕ್ಕ ಇದಕ್ಕೆ ನಕ್ಕರು, ಒಪ್ಪಿದರೋ ಇಲ್ಲವೋ ಹೇಳೋ ಮುಂಚೆ ಅವರ ಸ್ಟೇಷನ್ ಬಂತು.

ನನ್ನ ಎರಡು ಪುಟಕ್ಕೆ ಬರ್ತೀನಿ. ಅದರಲ್ಲಿ ಅತಿ ದೊಡ್ಡ ಸುಳ್ಳು ಇದ್ದದ್ದು ಅವ್ವನ ಬಗ್ಗೆ. 'ಓದು ಬರದ, ಒಲೆ ಮುಂದೆ ಕಣ್ಣೀರು ಸುರಿಸಿದ ತಾಯಿ' ಅಂತ ಬರೆದಿದ್ದೆ. ಕಥೆಯ ಅಚ್ಚು ಹಂಗಿತ್ತು, ಅವ್ವನ್ನ ಅದರಲ್ಲಿ ಒತ್ತಿದ್ದೆ. ಓದು ಬರಲ್ಲ ನಿಜ. ಆದರೆ ನಮ್ಮ ಮನೆಯ ಮೊದಲ ಟೆಕ್ನಿಷಿಯನ್ ಅವಳು.

ಕುಣಿಗಲ್ ಕಡೆ ನಮ್ಮ ತೋಟದ ಬೋರ್‌ವೆಲ್‌ಗೆ ಮೂರು ಫೇಸ್ ಕರೆಂಟು ಬರ್ತಿದ್ದದ್ದು ಹೆಚ್ಚಾಗಿ ರಾತ್ರಿ ಹೊತ್ತು. ಅಪ್ಪ ಲಾರಿ ಜತೆ ಹೋದರೆ ವಾರಗಟ್ಟಲೆ ಬರ್ತಿರಲಿಲ್ಲ. ಅವ್ವ ಟಾರ್ಚ್ ಹಿಡಿದು ನನ್ನನ್ನ ಕರ್ಕೊಂಡು ಪಂಪ್‌ಹೌಸಿಗೆ ಹೋಗೋಳು. ಸ್ಟಾರ್ಟರ್ ಡಬ್ಬಿಯ ಹಸಿರು ಗುಂಡಿ ಒತ್ತಿ ತಕ್ಷಣ ಹೊರಡ್ತಿರಲಿಲ್ಲ. ಆಂಪ್ಸ್ ಮುಳ್ಳಿನ ಮೇಲೆ ಟಾರ್ಚ್ ಬಿಟ್ಟು ನಿಂತು ಕೇಳಿಸಿಕೊಳ್ಳೋಳು. ಮುಳ್ಳು ಎಲ್ಲಿ ನಿಲ್ಲಬೇಕು ಅಂತ ಗಾಜಿನ ಮೇಲೆ ಕುಂಕುಮದಲ್ಲಿ ಒಂದು ಚುಕ್ಕೆ ಇಟ್ಟಿದ್ದಳು. ಅಂಕಿ ಓದೋಕೆ ಬರ್ತಿರಲಿಲ್ಲವಲ್ಲ. ಮುಳ್ಳು ಚುಕ್ಕೆಯಿಂದ ಕೆಳಗಿಳಿದರೆ ಬೋರಲ್ಲಿ ನೀರು ತಳ ಹಿಡಿದಿದೆ ಅಂತ ಅರ್ಥ. 'ಮೋಟ್ರು ನೀರಿಲ್ದೆ ಒಣಗ್ಲು ಓಡ್ತಾ ಅದೆ, ಸುಟ್ಟೋಯ್ತದೆ' ಅಂತ ಕೆಂಪು ಗುಂಡಿ ಒತ್ತಿ, ಅರ್ಧ ಗಂಟೆ ನೀರು ಊರೋಕೆ ಬಿಟ್ಟು, ಮತ್ತೆ ಹಾಕೋಳು. ಫ್ಯೂಸ್ ಹೋದರೆ ಮೇನ್ ಇಳಿಸಿ, ಒಣಗಿದ ಮಣೆ ಮೇಲೆ ನಿಂತು ತಾನೇ ತಂತಿ ಕಟ್ಟೋಳು. ಊರಿನ ವೈರ್‌ಮನ್‌ಗೆ ಬೆಳಿಗ್ಗೆ ಗೊತ್ತಾದರೆ ಬೈಯೋನು, ಅದಕ್ಕೆ ಹೇಳ್ತಿರಲಿಲ್ಲ. ನೀರು ಬಂದು ಕಾಲುವೆ ತುದಿ ಮುಟ್ಟಿದಾಗ ಅವಳ ಮುಖ ನೋಡಬೇಕಿತ್ತು, ಕಣ್ಣೀರಂತೂ ಅಲ್ಲ.

ಈಗ ನಾನು ಮಾಡೋ ಕೆಲಸವೂ ಇದೇ. ಪರದೆ ಮೇಲೆ ಗೆರೆಗಳು ಓಡ್ತಿರುತ್ತವೆ, ಗೆರೆ ಎಲ್ಲಿ ಇಳಿದರೆ ಎಬ್ಬಿಸಬೇಕು ಅಂತ ನಾನು ಚುಕ್ಕೆ ಇಡ್ತೀನಿ. ಚುಕ್ಕೆ ತಪ್ಪಾದ ಜಾಗದಲ್ಲಿ ಇಟ್ಟರೆ ಸುಮ್ಮಸುಮ್ಮನೆ ರಾತ್ರಿ ಎಲ್ಲ ಫೋನ್ ಬಡಕೊಳ್ಳುತ್ತೆ. ಸರಿಯಾದ ಜಾಗ ಹುಡುಕೋಕೆ ಒಮ್ಮೊಮ್ಮೆ ತಿಂಗಳು ಹಿಡಿಯುತ್ತೆ. ಅದು ಸಿಕ್ಕ ದಿನ ಹೊಸಹಳ್ಳಿ ಸ್ಟೇಷನ್ನಿನ ಮೆಟ್ಟಿಲನ್ನ ಎರಡೆರಡು ಹಾರಿಕೊಂಡು ಇಳೀತೀನಿ.

ಮೇಷ್ಟ್ರಿಗೆ ಹಳೇದನ್ನ ಕಳಿಸಲಿಲ್ಲ. ಕುಂಕುಮದ ಚುಕ್ಕೆಯಿಂದ ಶುರುಮಾಡಿ ಹೊಸದಾಗಿ ಬರೆದೆ. ಬಡತನ ಕಮ್ಮಿ ಆಯ್ತು, ಮೋಟರ್ ಜಾಸ್ತಿ ಆಯ್ತು. ಸುಧಾ ಮೂರ್ತಿಯವರ ಸೀರೆ ದುಡ್ಡೂ ಒಂದು ಕಡೆ ಬಂತು. ಮೇಷ್ಟ್ರು ಓದಿ, 'ಚೆನ್ನಾಗದೆ ಕಣಮ್ಮ, ಆದ್ರೆ ಕಷ್ಟ ಇನ್ನೊಂದ್ ಸ್ವಲ್ಪ ಸೇರಿಸು' ಅಂದರು. ಆಗಲ್ಲ ಸಾರ್ ಅಂದೆ.

ಕಳಿಸೋ ಮುಂಚೆ ಅವ್ವನಿಗೆ ಫೋನಲ್ಲಿ ಪೂರ್ತಿ ಓದಿ ಹೇಳಿದ್ದೆ. ಯುಗಾದಿ ಹಿಂದಿನ ರಾತ್ರಿ ಮೋಟರ್ ನಿಂತಿದ್ದು, ಅವಳು ಕಂಡೆನ್ಸರ್ ಸುಟ್ಟಿದೆ ಅಂತ ಕಂಡುಹಿಡಿದದ್ದು, ಬೆಳಿಗ್ಗೆ ಕುಣಿಗಲ್‌ಗೆ ಹೋಗಿ ಹೊಸದು ತಂದದ್ದು, ಎಲ್ಲ. ಅವ್ವ ಸುಮ್ಮನೆ ಕೇಳಿಸಿಕೊಂಡಳು. ಹೊಗಳಿದ್ದಕ್ಕೆ ಏನಾದರೂ ಅಂತಾಳೇನೋ ಅಂತ ಕಾಯ್ತಿದ್ದೆ.

'ಕಂಡೆನ್ಸರ್ ಅಲ್ಲ ಕಣೇ ಸುಟ್ಟಿದ್ದು' ಅಂದಳು. 'ಸ್ಟಾರ್ಟರ್ ಒಳಗಿನ ಕಾಯಿಲ್ಲು. ಗುಂಡಿ ಒತ್ತಿದ್ರೆ ಹಿಡ್ಕೋತಿರ್ಲಿಲ್ಲ, ಬಿಟ್ರೆ ಬಿಟ್ಟೋಗ್ತಿತ್ತು. ಸರಿಯಾಗಿ ಬರಿ.'